ಮಧ್ಯಕಿವಿ ಇಂಪ್ಲಾಂಟ್: ಯಾರಿಗೆ ಬೇಕು, ಯಾರಿಗೆ ಬೇಡ

ಮಾನ್ಯ ಸಂಪಾದಕರೇ,

‘ಕಿವಿ ಮಷೀನ್ ಹಾಕುವ ಗೋಜಿಲ್ಲ, ಒಂದು ಆಪರೇಷನ್ ಮಾಡಿಸಿದರೆ ಸಾಕು’ ಎಂಬ ಧಾಟಿಯ ಪ್ರಚಾರ ಈಚೆಗೆ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ಅದು ಹೇಳುವ ಮಧ್ಯಕಿವಿ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಕಿವಿತಮಟೆಯ ಹಿಂದೆ ಅಳವಡಿಸುವ ಸಾಧನ, ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬೇಕಾಗುವುದು ಕೆಲವೇ ಕಿವಿಗಳಿಗೆ. ಆ ಕೆಲವರಿಗೆ ಇದರ ಸುದ್ದಿಯೇ ಮುಟ್ಟಿಲ್ಲ. ಬೇಡವಾದವರು ಮಾತ್ರ ಲಕ್ಷಗಟ್ಟಲೆ ಹೊಂದಿಸಲು ಹೊರಟಿದ್ದಾರೆ.

ಸಾಮಾನ್ಯ ಶ್ರವಣ ಸಾಧನ ಶಬ್ದವನ್ನು ಜೋರು ಮಾಡಿ ಕಿವಿಯ ನಾಳಕ್ಕೆ ಬಿಡುತ್ತದೆ. ಇಂಪ್ಲಾಂಟ್ ಶಬ್ದವನ್ನು ಬಿಡುವುದಿಲ್ಲ, ನಡುಕವನ್ನೇ ನೇರವಾಗಿ ಮಧ್ಯಕಿವಿಯ ಪುಟ್ಟ ಮೂಳೆಗೆ ಕೊಡುತ್ತದೆ. ಹೆಚ್ಚು ಬಳಕೆಯಲ್ಲಿರುವುದು ವೈಬ್ರಂಟ್ ಸೌಂಡ್‌ಬ್ರಿಜ್. ಅಮೆರಿಕದ ಎಂಜಿನಿಯರ್ ಜೆಫ್ರಿ ಬಾಲ್ ರೂಪಿಸಿದ ಇದನ್ನು 1996ರಲ್ಲಿ ಜ್ಯೂರಿಕ್‌ನಲ್ಲಿ ಮೊದಲ ಬಾರಿ ಅಳವಡಿಸಲಾಯಿತು. 2000ದಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಇದರ ಜೀವಾಳ ಟೈಟೇನಿಯಂ ಕವಚದ ಒಂದು ಪುಟ್ಟ ಕೊಳವೆ: ಉದ್ದ 2.3 ಮಿ.ಮೀ., ತೂಕ ಸುಮಾರು 25 ಮಿಲಿಗ್ರಾಂ. ಒಳಗೆ ಅಯಸ್ಕಾಂತ, ಸುತ್ತ ತಂತಿಯ ಸುರುಳಿ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅಯಸ್ಕಾಂತ ಅಲುಗುತ್ತದೆ, ಅದರೊಂದಿಗೆ ಕವಚ ನಡುಗುತ್ತದೆ, ಕವಚ ಕಚ್ಚಿಕೊಂಡ ಮೂಳೆಯೂ ನಡುಗುತ್ತದೆ.

ಹೊರಗೆ ಏನೂ ಕಾಣುವುದಿಲ್ಲ ಎನ್ನುವುದು ಈ ಸಾಧನದ ಮಟ್ಟಿಗೆ ನಿಜವಲ್ಲ. ಮೈಕ್, ಬ್ಯಾಟರಿ, ಪ್ರೊಸೆಸರ್ ಮೂರೂ ಒಂದು ಗುಂಡನೆಯ ಬಿಲ್ಲೆಯಲ್ಲಿದ್ದು, ಅದು ಕಿವಿಯ ಹಿಂದೆ ತಲೆಯ ಚರ್ಮಕ್ಕೆ ಅಯಸ್ಕಾಂತದಿಂದ ಅಂಟಿಕೊಂಡಿರುತ್ತದೆ. ಕೂದಲಿನಲ್ಲಿ ಮುಚ್ಚಬಹುದು, ಅಷ್ಟೆ. ಸ್ನಾನಕ್ಕೆ, ನಿದ್ದೆಗೆ ತೆಗೆದಿಟ್ಟರೆ ಅದರ ಸಹಾಯವೂ ನಿಂತಿತು. ಪೂರ್ತಿ ಒಳಗೇ ಇರುವ ಎಸ್ಟೀಮ್ ಎಂಬುದೂ ಇದೆ, 2010ರಲ್ಲಿ ಎಫ್‌ಡಿಎ ಒಪ್ಪಿದ್ದು. ಆದರೆ ಅದಕ್ಕಾಗಿ ಮಧ್ಯಕಿವಿಯ ಮೂರು ಪುಟ್ಟ ಮೂಳೆಗಳಲ್ಲಿ ನಡುವಿನದಾದ ಅಡಿಗಲ್ಲು ಮೂಳೆಯ (ಇಂಕಸ್) ತುಂಡೊಂದನ್ನು ಕತ್ತರಿಸಿ ಮೂಳೆಗಳ ಸರಪಳಿಯನ್ನೇ ಮುರಿಯಬೇಕು. ಬ್ಯಾಟರಿ ಮುಗಿದಾಗ ಮತ್ತೆ ಚರ್ಮ ಕುಯ್ದು ಬದಲಿಸಬೇಕು. ಕಾಣಬಾರದು ಎಂಬ ಒಂದೇ ಕಾರಣಕ್ಕೆ ನೆಟ್ಟಗಿರುವ ಮೂಳೆಯನ್ನು ಕತ್ತರಿಸುವುದು ಸರಿಯಲ್ಲವೆಂಬುದು ನನ್ನ ಖಚಿತ ನಿಲುವು.

ಮಷೀನ್ ಒಗ್ಗಲಿಲ್ಲ ಎಂದು ಡ್ರಾಯರಿನಲ್ಲಿ ಎತ್ತಿಟ್ಟವರು ಮೊದಲು ಆ ಮಷೀನನ್ನೇ ಮತ್ತೊಮ್ಮೆ ನೋಡಿಸಬೇಕು. ಕುಯ್ಯೆಂದು ಕೂಗುತ್ತಿದ್ದರೆ ಮೋಲ್ಡ್ (ಕಿವಿಯ ಅಳತೆಗೆ ಮಾಡಿದ, ನಾಳದಲ್ಲಿ ಕೂರುವ ಅಚ್ಚು) ಸಡಿಲವಾಗಿರಬಹುದು, ಇಲ್ಲವೇ ನಾಳದಲ್ಲಿ ಗುಗ್ಗೆ ತುಂಬಿರಬಹುದು. ಸ್ವಂತ ದನಿ ಮಡಕೆಯೊಳಗಿಂದ ಬಂದಂತೆ ಕೇಳಿದರೆ ನಾಳ ಪೂರ್ತಿ ಮುಚ್ಚಿದೆ ಎಂದರ್ಥ. ಮೋಲ್ಡಿಗೆ ಗಾಳಿರಂಧ್ರ ಕೊರೆದರೆ ಅಥವಾ ತೆರೆದ ಡೋಮ್ (ರಂಧ್ರಗಳಿರುವ ಮೃದುವಾದ ತುದಿ) ಹಾಕಿದರೆ ಎಷ್ಟೋ ಸರಿಹೋಗುತ್ತದೆ. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ ಎನ್ನುವವರಿಗೆ ಹಲವು ಸಲ ಹೊಂದಾಣಿಕೆಯೇ ಸರಿಯಾಗಿ ಆಗಿರುವುದಿಲ್ಲ. ಕಂಪ್ಯೂಟರ್ ಸೂಚಿಸಿದ ಲೆಕ್ಕವನ್ನೇ ಒತ್ತಿ ಕಳಿಸಿದರೆ ಸಾಲದು. ಕಿವಿತಮಟೆಯ ಹತ್ತಿರಕ್ಕೆ ಸಪೂರ ನಳಿಕೆ ಇಳಿಸಿ, ಅಲ್ಲಿಗೆ ನಿಜವಾಗಿ ತಲುಪುವ ಶಬ್ದವನ್ನು ಅಳೆಯುವ ರಿಯಲ್ ಇಯರ್ ಪರೀಕ್ಷೆ ಮಾಡಿಸಿ. ಅದಾದ ಮೇಲೆ ದಿನವಿಡೀ ಹಾಕಿಕೊಂಡು ಮೂರು ತಿಂಗಳಾದರೂ ನೋಡಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಶ್ರವಣ ಪರೀಕ್ಷೆ, ಮೋಲ್ಡ್ ತಯಾರಿಕೆ, ಮಷೀನ್ ಹೊಂದಾಣಿಕೆ ಒಂದೇ ಆವರಣದಲ್ಲಿ ಆಗುತ್ತವೆ.

ಹಾಗಾದರೆ ಇಂಪ್ಲಾಂಟ್ ಯಾರಿಗೆ? ಕಿವಿಯ ನಾಳದಲ್ಲಿ ಮೋಲ್ಡ್ ಇಡಲಾಗದವರಿಗೆ. ಮೋಲ್ಡ್ ಹಾಕಿದ ಕೂಡಲೇ ಗಾಳಿಯಾಡದೆ ಸೋರಲು ಶುರುವಾಗುವ ಕಿವಿಗಳಿವೆ. ನಾಳದ ಚರ್ಮ ಪದೇಪದೇ ಊದಿ ತುರಿಸುವವರಿದ್ದಾರೆ. ಹಳೆಯ ಸೋರುವ ಕಿವಿಗೆ ಮಾಸ್ಟಾಯ್ಡ್ (ಕಿವಿಯ ಹಿಂದಿನ ಮೂಳೆ) ಆಪರೇಷನ್ ಆಗಿ ದೊಡ್ಡ ಪೊಟರೆ ಉಳಿದವರು, ಮೂಳೆ ಜೋಡಣೆ ಎರಡು ಮೂರು ಬಾರಿ ಮಾಡಿಸಿಯೂ ಕೇಳದವರು, ಹುಟ್ಟಿನಿಂದಲೇ ಕಿವಿನಾಳ ಮುಚ್ಚಿದ ಮಕ್ಕಳು ಕೂಡ ಈ ಗುಂಪಿನವರೇ. ನಾಳ ಸರಿಯಿದ್ದೂ ಎತ್ತರದ ಸ್ವರಗಳು ಮಾತ್ರ ತುಂಬಾ ಕುಗ್ಗಿರುವ ಕೆಲವರಿಗೂ ಅನುಕೂಲವಾಗುತ್ತದೆ, ಏಕೆಂದರೆ ಈ ಪುಟ್ಟ ಕೊಳವೆಯ ಬಲವಿರುವುದು ಎತ್ತರದ ಸ್ವರಗಳಲ್ಲಿಯೇ.

ಆಡಿಯೋಗ್ರಾಂ, ಅಂದರೆ ಶ್ರವಣ ಪರೀಕ್ಷೆಯ ನಕ್ಷೆ, ಕೈಯಲ್ಲಿದ್ದರೆ ಗಾಳಿಯ ಗೆರೆಯನ್ನು (ಕಿವಿಯ ನಾಳದ ಮೂಲಕ ಕೇಳಿದ್ದು) ಬಿಟ್ಟು ಮೂಳೆಯ ಗೆರೆಯನ್ನು (ತಲೆಬುರುಡೆಗೆ ನಡುಕ ಕೊಟ್ಟು ಅಳೆದದ್ದು) ನೋಡಿ. ನಾಳ ಅಥವಾ ಮಧ್ಯಕಿವಿಯ ದೋಷವಿರುವವರಿಗೆ ಮೂಳೆಯ ಮೂಲಕದ ಶ್ರವಣಮಟ್ಟ 500 ಹರ್ಟ್ಸ್‌ನಲ್ಲಿ 45 ಡೆಸಿಬೆಲ್, 1000ದಲ್ಲಿ 50, 2000ದಿಂದ 4000ದವರೆಗೆ 65 ಡೆಸಿಬೆಲ್ ಮೀರಿರಬಾರದು. ಮೀರಿದ್ದರೆ ಒಳಕಿವಿಯೇ ಸೋತಿದೆ, ಮೂಳೆ ಎಷ್ಟು ನಡುಗಿದರೂ ಮಾತು ಸ್ಪಷ್ಟವಾಗದು. ಆಗ ಕೇಳುವ ನರಕ್ಕೆ ನೇರವಾಗಿ ವಿದ್ಯುತ್ ಸಂಕೇತ ಕೊಡುವ ಕಾಕ್ಲಿಯರ್ ಇಂಪ್ಲಾಂಟ್ ಬಗ್ಗೆ ಯೋಚಿಸಬೇಕು. ಕೇಳುವ ಶಕ್ತಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವವರು ಅವಸರ ಮಾಡಬಾರದು. ಇಂದು ಸಾಕಾಗುವ ಬಲ ನಾಳೆಗೆ ಸಾಲದು. ಮೂಳೆಯ ಮೂಲಕದ ಶ್ರವಣಮಟ್ಟ 45 ಡೆಸಿಬೆಲ್ ದಾಟದಿದ್ದರೆ, ಅಂದರೆ ಒಳಕಿವಿ ಹೆಚ್ಚುಕಡಿಮೆ ಚೆನ್ನಾಗಿದ್ದರೆ, ತಲೆಬುರುಡೆಯ ಮೂಲಕ ಕೇಳಿಸುವ ಮೂಳೆವಾಹಕ ಸಾಧನಗಳೂ ಸಾಕಾಗಬಹುದು. ಅವುಗಳಲ್ಲೊಂದು ದೊಡ್ಡ ಅನುಕೂಲವಿದೆ: ಆಪರೇಷನ್‌ಗೆ ಮೊದಲೇ ಹೆಡ್‌ಬ್ಯಾಂಡ್‌ನಲ್ಲಿ ಕಟ್ಟಿಕೊಂಡು ಮನೆ, ಅಂಗಡಿ, ಬಸ್ಸಿನಲ್ಲಿ ಕೇಳಿ ನೋಡಬಹುದು. ಮಧ್ಯಕಿವಿ ಇಂಪ್ಲಾಂಟ್ ಹೀಗೆ ಪರೀಕ್ಷಿಸಿ ಕೊಳ್ಳುವಂಥದ್ದಲ್ಲ.

ಇನ್ನು ಆಪರೇಷನ್. ಪೂರ್ತಿ ಅರಿವಳಿಕೆ ಕೊಟ್ಟು, ಕಿವಿಯ ಹಿಂದೆ ಕುಯ್ದು, ಮಾಸ್ಟಾಯ್ಡ್ ಮೂಳೆಯನ್ನು ಕೊರೆದು, ಮುಖದ ನರ ಮತ್ತು ನಾಲಿಗೆಯ ರುಚಿಯ ನರದ ನಡುವಿನ ಇಕ್ಕಟ್ಟಿನಲ್ಲಿ ಮಧ್ಯಕಿವಿಗೆ ದಾರಿ ಮಾಡುತ್ತಾರೆ. ರುಚಿಯ ನರ ಎಳೆದಂತಾಗಿ ಕೆಲವು ಕಾಲ ಬಾಯಿ ಲೋಹದಂತೆ ಅನ್ನಿಸಬಹುದು. ಮುಖದ ನರಕ್ಕೆ ಪೆಟ್ಟಾಗುವುದು ಅಪರೂಪ. ಆದರೆ ಹುಟ್ಟಿನಿಂದ ನಾಳವಿಲ್ಲದ ಕಿವಿಗಳಲ್ಲಿ ಆ ನರದ ಹಾದಿಯೇ ಹಲವು ಸಲ ಬೇರೆಯಿರುತ್ತದೆ. ಅಂಥವರಿಗೆ ಮೊದಲೇ ಟೆಂಪೊರಲ್ ಮೂಳೆಯ (ಕಿವಿಯನ್ನು ಒಳಗೊಂಡ ತಲೆಬುರುಡೆಯ ಭಾಗ) ಸಿ.ಟಿ. ಸ್ಕ್ಯಾನ್ ಬೇಕೇ ಬೇಕು.

ಮೂಳೆಗಳು ನೆಟ್ಟಗಿದ್ದರೆ ಕೊಳವೆಯನ್ನು ಅಡಿಗಲ್ಲು ಮೂಳೆಗೆ ಕ್ಲಿಪ್ ಮಾಡುತ್ತಾರೆ. ಕ್ಲಿಪ್ ಸಡಿಲವಾದರೆ ಬಲ ಸೋರಿಹೋಗುತ್ತದೆ, ಅತಿ ಬಿಗಿಯಾದರೆ ಆ ಮೂಳೆಗೆ ರಕ್ತ ಸಾಲದೆ ಸವೆಯುತ್ತದೆ. ಮೂಳೆಗಳೇ ಇಲ್ಲದಿದ್ದರೆ ಒಳಕಿವಿಯ ಗೋಡೆಯಲ್ಲಿರುವ ರೌಂಡ್ ವಿಂಡೊ ಎಂಬ ಪುಟ್ಟ ಕಿಂಡಿಯ ಪೊರೆಗೆ ಕೊಳವೆಯನ್ನು ತಾಗಿಸುತ್ತಾರೆ. ಇಟಲಿಯ ವಿಟ್ಟೋರಿಯೊ ಕೊಲೆಟ್ಟಿ ತಂಡ 2006ರಲ್ಲಿ ಪ್ರಕಟಿಸಿದ ವಿಧಾನ ಇದು. ಕಷ್ಟವೆಲ್ಲ ಇರುವುದು ಇಲ್ಲೇ. ಪೊರೆಯ ಮುಂದೆ ಚಾಚಿರುವ ಮೂಳೆಯ ತುಟಿಯನ್ನು ಪೊರೆ ಹರಿಯದಂತೆ ಕೊರೆಯಬೇಕು. ಕೊಳವೆಯ ಪಕ್ಕ ಎಲ್ಲಾದರೂ ಮೂಳೆಗೆ ತಗುಲಿದರೆ ನಡುಕ ಅಲ್ಲೇ ಅಡಗುತ್ತದೆ. ಹಿಂದಿನಿಂದ ಮೃದ್ವಸ್ಥಿಯ ಆಸರೆ ಸಾಲದಿದ್ದರೆ ತಿಂಗಳುಗಳ ನಂತರ ಜಾರಿ, ಚೆನ್ನಾಗಿ ಕೇಳುತ್ತಿದ್ದದ್ದು ಇದ್ದಕ್ಕಿದ್ದಂತೆ ಕುಗ್ಗುತ್ತದೆ. ಹಾಗಾದಾಗ ಪ್ರೊಸೆಸರ್‌ನ ವಾಲ್ಯೂಮ್ ಏರಿಸುತ್ತಾ ಕೂರದೆ ಸ್ಕ್ಯಾನ್ ಮಾಡಿಸಬೇಕು.

ಸೋರುವ ಕಿವಿಗೆ ನೇರವಾಗಿ ಇಂಪ್ಲಾಂಟ್ ಕೂರಿಸುವಂತಿಲ್ಲ. ಕೊಲೆಸ್ಟಿಯಟೋಮ (ಮಧ್ಯಕಿವಿಯಲ್ಲಿ ಚರ್ಮ ಬೆಳೆದು ಮೂಳೆಯನ್ನು ತಿನ್ನುವ ಗಡ್ಡೆ) ಇದ್ದರೆ ಪೂರ್ತಿ ತೆಗೆದು, ಕಿವಿ ಒಣಗಿ, ಒಣಗಿಯೇ ಉಳಿಯುತ್ತದೆ ಎಂದು ಖಾತ್ರಿಯಾಗಬೇಕು. ಪೊಟರೆಯಿರುವ ಕಿವಿಯಲ್ಲಿ ತೆಳು ಚರ್ಮವನ್ನು ಸೀಳಿ ತಂತಿ ಹೊರಬರುವ ಅಪಾಯವಿದೆ. ಆದ್ದರಿಂದ ಪೊಟರೆಯನ್ನು ಕೊಬ್ಬಿನಿಂದ ತುಂಬಿ ನಾಳವನ್ನೇ ಹೊಲಿದು ಮುಚ್ಚುವುದುಂಟು. ಮುಚ್ಚಿದ ಮೇಲೆ ಒಳಗೆ ರೋಗ ಮರುಕಳಿಸಿದರೆ ಕಣ್ಣಿಗೆ ಕಾಣದು, ಎಂ.ಆರ್.ಐ. ಬೇಕು. ಅದರಲ್ಲೂ ಇಂಪ್ಲಾಂಟಿನ ಅಯಸ್ಕಾಂತದ ಕಪ್ಪು ನೆರಳು ಬೇಕಾದ ಜಾಗವನ್ನೇ ಮುಚ್ಚಬಹುದು. ರೋಗಿಗೆ ಇದನ್ನು ಮುಂಚೆಯೇ ಬಿಡಿಸಿ ಹೇಳಬೇಕು.

ಗಾಯ ಮಾಯಲು ಬಿಟ್ಟು, ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರಗಳ ನಂತರ ಪ್ರೊಸೆಸರ್ ಚಾಲೂ ಮಾಡುತ್ತಾರೆ. ಹೊರಗಿನ ಅಯಸ್ಕಾಂತ ಬಿಲ್ಲೆ ಬೀಳದಷ್ಟು ಮಾತ್ರ ಬಲವಾಗಿರಲಿ. ಅದರ ಅಡಿಯ ಚರ್ಮ ಕೆಂಪಾಗಿ ನೋಯುತ್ತಿದ್ದರೆ ಹುಣ್ಣಾಗುವ ಮೊದಲೇ ಕಡಿಮೆ ಬಲದ್ದನ್ನು ಹಾಕಿಸಬೇಕು.

ಹಣ ಕಟ್ಟುವ ಮುನ್ನ ಕೇಳಬೇಕಾದ ಇನ್ನೊಂದು ಮಾತು, ಹತ್ತು ವರ್ಷದ ನಂತರ ಹೊರಗಿನ ಪ್ರೊಸೆಸರ್ ಕೆಟ್ಟರೆ ಹೊಸದು ಎಲ್ಲಿ ಸಿಗುತ್ತದೆ, ಏನು ಬೆಲೆ ಎಂಬುದು. ಸೌಂಡ್‌ಬ್ರಿಜ್ ಹುಟ್ಟುಹಾಕಿದ ಸಿಂಫೋನಿಕ್ಸ್ ಕಂಪನಿಯೇ ಬಾಗಿಲು ಹಾಕಿತು. 2003ರಲ್ಲಿ ಆಸ್ಟ್ರಿಯಾದ ಮೆಡ್-ಎಲ್ ಅದನ್ನು ವಹಿಸಿಕೊಂಡಿದ್ದರಿಂದ ರೋಗಿಗಳು ಉಳಿದುಕೊಂಡರು. ಒಳಗಿನ ಭಾಗದ ಮಾದರಿ ಸಂಖ್ಯೆಯನ್ನೂ ಬರೆಸಿಕೊಳ್ಳಿ: ವಿಒಆರ್‌ಪಿ 503 ಮಾದರಿಯ ಸೌಂಡ್‌ಬ್ರಿಜ್ ಇದ್ದವರಿಗೆ ಷರತ್ತುಗಳೊಂದಿಗೆ 1.5 ಟೆಸ್ಲಾ ಅಯಸ್ಕಾಂತ ಬಲದವರೆಗೆ ಎಂ.ಆರ್.ಐ. ಮಾಡಬಹುದು, ಅದಕ್ಕೂ ಹಳೆಯ 502ಕ್ಕೆ ಆ ಅನುಮತಿಯಿಲ್ಲ. ಮುಂದೆ ಯಾವ ಆಪರೇಷನ್‌ಗೆ ಹೋದರೂ, ಹಲ್ಲಿನ ಚಿಕಿತ್ಸೆಗೆ ಹೋದರೂ ಇಂಪ್ಲಾಂಟ್ ಕಾರ್ಡ್ ತೋರಿಸಿ, ತಲೆ ಕತ್ತಿನ ಭಾಗದಲ್ಲಿ ಮೊನೊಪೋಲಾರ್ ಕಾಟರಿ (ದೇಹದ ಮೂಲಕ ವಿದ್ಯುತ್ ಹರಿಸಿ ಸುಟ್ಟು ರಕ್ತ ನಿಲ್ಲಿಸುವ ಉಪಕರಣ) ಬಳಸಬಾರದೆಂದು ವೈದ್ಯರಿಗೆ ತಿಳಿಸಬೇಕು.

– ಒಬ್ಬ ಆಡಿಯಾಲಜಿಸ್ಟ್, ಮೈಸೂರು