ಮರಳಿ ಬಂದ ತೂಕ ಮತ್ತು ತೂಕ ಇಳಿಸುವ ಜಾಹೀರಾತುಗಳು

ಮಾನ್ಯ ಸಂಪಾದಕರೆ,

ಮಳೆ ಹಿಂದೆ ಸರಿಯುತ್ತಿದ್ದಂತೆ ಉಡುಪಿ, ಮಣಿಪಾಲದ ಕಂಬಗಳ ಮೇಲೂ ಪತ್ರಿಕೆಗಳೊಳಗೆ ಮಡಚಿ ಬರುವ ಕರಪತ್ರಗಳಲ್ಲೂ ತಿಂಗಳಿಗೆ ಹತ್ತು ಕಿಲೋ ಇಳಿಸಿಕೊಡುವ ಭರವಸೆಗಳು ಕಾಣಿಸತೊಡಗುತ್ತವೆ. ತೂಕ ಇಳಿಸುವ ಮುಂಚಿನ ಮತ್ತು ಅನಂತರದ ಎರಡು ಭಾವಚಿತ್ರಗಳನ್ನು ಅಕ್ಕಪಕ್ಕ ಅಚ್ಚು ಹಾಕುವವರು, ಅದೇ ವ್ಯಕ್ತಿ ವರ್ಷ ಕಳೆದ ಮೇಲೆ ಎಷ್ಟು ತೂಗುತ್ತಾರೆಂಬುದನ್ನು ಎಲ್ಲಿಯೂ ತಿಳಿಸುವುದಿಲ್ಲ.

ಇಳಿಸಿದ ತೂಕ ಮರಳಿ ಬಂದವರನ್ನು ಮನೋಬಲವಿಲ್ಲದವರೆಂದು ತಿಳಿಯುವುದು ನಮ್ಮಲ್ಲಿ ರೂಢಿಯಾಗಿದೆ. ಮದುವೆ, ಬ್ರಹ್ಮಕಲಶೋತ್ಸವಗಳ ಊಟದ ಪಂಕ್ತಿಯಲ್ಲಿ "ಪುನಃ ದಪ್ಪ ಆದಿರಲ್ಲ ಮಾರಾಯ್ರೆ" ಎನ್ನುವವರಿಗೆ ಕೊರತೆಯಿಲ್ಲ (ಹಾಗೆ ಅಂದವರೇ ಇನ್ನೊಂದು ಹೋಳಿಗೆ ಬಡಿಸಲು ಒತ್ತಾಯಿಸುವುದೂ ಉಂಟು). ವೈದ್ಯವಿಜ್ಞಾನ ಹೇಳುವುದು ಬೇರೆಯೇ. ದೇಹದ ಕೊಬ್ಬು ಕರಗಿದಾಗ, ಆ ಕೊಬ್ಬಿನ ಕೋಶಗಳಿಂದಲೇ ಸ್ರವಿಸಿ ಹಸಿವನ್ನು ಹತೋಟಿಯಲ್ಲಿಡುವ ಲೆಪ್ಟಿನ್ ಎಂಬ ಹಾರ್ಮೋನು ಕುಸಿಯುತ್ತದೆ, ಹಸಿವು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಏರುತ್ತದೆ. ಮೆಲ್ಬರ್ನ್‌ನ ಸಂಶೋಧಕರು 50 ಮಂದಿಗೆ ಹತ್ತು ವಾರ ತೀರಾ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷವಾದರೂ ಈ ಬದಲಾವಣೆಗಳು ಮೊದಲಿನ ಸ್ಥಿತಿಗೆ ಬಂದಿರಲಿಲ್ಲ. ಅಮೆರಿಕದ ತೂಕ ಇಳಿಕೆಯ ಟಿ.ವಿ. ಸ್ಪರ್ಧೆಯೊಂದರ 14 ಸ್ಪರ್ಧಿಗಳನ್ನು ಆರು ವರ್ಷಗಳ ಬಳಿಕ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರು ಪರೀಕ್ಷಿಸಿದಾಗ, ಸರಾಸರಿ 58 ಕಿಲೋ ಇಳಿಸಿದ್ದವರಲ್ಲಿ 41 ಕಿಲೋ ಮರಳಿತ್ತು. ಅವರ ದೇಹ ವಿಶ್ರಾಂತಿಯಲ್ಲಿ ವ್ಯಯಿಸುವ ಶಕ್ತಿಯು, ಅವರ ಮೈಕಟ್ಟಿಗೆ ನಿರೀಕ್ಷಿಸಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಿತ್ತು.

ಈಚೆಗೆ ಎಲ್ಲರ ಬಾಯಲ್ಲಿರುವ, ತೂಕ ಇಳಿಸುವ ಚುಚ್ಚುಮದ್ದುಗಳ ಕಥೆಯೂ ಭಿನ್ನವಲ್ಲ. ಅಂಥ ಒಂದು ಚುಚ್ಚುಮದ್ದಾದ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ, ಇಳಿದ ತೂಕದ ಮೂರನೇ ಎರಡರಷ್ಟು ಒಂದು ವರ್ಷದೊಳಗೆ ಮರಳಿತೆಂದು 2022ರ ಅಧ್ಯಯನ ತಿಳಿಸಿದೆ. ಮಗಳ ಮದುವೆಯವರೆಗೆ ಮಾತ್ರ ಸಾಕೆಂದು ಅದನ್ನು ಬಯಸುವವರಿಗೆ ಈ ಸಂಗತಿಯನ್ನು ಯಾರಾದರೂ ಮೊದಲೇ ಹೇಳಬೇಕು.

ಹಾಗೆಂದು ಮತ್ತೆ ಆರಂಭಿಸುವುದು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ದೇಹದ ತೂಕದ ಶೇ. 5ರಷ್ಟು, ಎಂದರೆ 80 ಕಿಲೋ ಇರುವವರು ನಾಲ್ಕು ಕಿಲೋ ಇಳಿಸಿ ಉಳಿಸಿಕೊಂಡರೂ ರಕ್ತದೊತ್ತಡ ಮತ್ತು ಸಕ್ಕರೆ ಅಂಶದಲ್ಲಿ ಪ್ರಯೋಜನ ಕಾಣುತ್ತದೆ. ಅವಸರದ ಉಪವಾಸದಲ್ಲಿ ಕೊಬ್ಬಿನೊಡನೆ ಸ್ನಾಯುವೂ ಕರಗುವುದರಿಂದ, ಎರಡನೆಯ ಬಾರಿಗೆ ಹೊರಡುವವರಿಗೆ ನಡಿಗೆಯ ಜೊತೆ ಸ್ವಲ್ಪ ಭಾರ ಎತ್ತುವ ವ್ಯಾಯಾಮವೂ, ತಟ್ಟೆಯಲ್ಲಿ ಹೆಸರುಕಾಳು, ಮೊಟ್ಟೆ ಅಥವಾ ಬಂಗುಡೆಯೂ ಬೇಕಾಗುತ್ತದೆ. ಕುಚ್ಚಲಕ್ಕಿಯಾದರೆ ಎಷ್ಟು ಉಂಡರೂ ನಡೆಯುತ್ತದೆಂಬ ನಮ್ಮ ಕಡೆಯ ನಂಬಿಕೆಯನ್ನು ಇಲ್ಲಿ ಸ್ವಲ್ಪ ಬದಿಗಿಡಬೇಕು, ಅದೂ ಅನ್ನವೇ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ತಗ್ಗಿಸಿದರೆ ಸಕ್ಕರೆ ಅಂಶ ಅಪಾಯಕರವಾಗಿ ಕುಸಿಯಬಹುದು. ಕರಪತ್ರಗಳಲ್ಲಿ ಈ ಎಚ್ಚರಿಕೆಯೂ ಇರುವುದಿಲ್ಲ.

ಆದ್ದರಿಂದ ತೂಕ ಇಳಿಸುವ ಸಂಸ್ಥೆಗಳ ಜಾಹೀರಾತು ಸ್ವೀಕರಿಸುವಾಗ, ಅವರಲ್ಲಿಗೆ ಬಂದವರ ಒಂದು ವರ್ಷದ ಬಳಿಕದ ತೂಕವನ್ನೂ ಸಲಹೆ ನೀಡುವವರ ವಿದ್ಯಾರ್ಹತೆಯನ್ನೂ ಮುದ್ರಿಸಬೇಕೆಂದು ಪತ್ರಿಕೆಗಳು ಷರತ್ತು ಹಾಕಬೇಕೆಂದು ವಿನಂತಿಸುತ್ತೇನೆ. ಸರ್ಕಾರಿ ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ವಿಭಾಗಗಳು ತೂಕ ಇಳಿದವರನ್ನು ಅಭಿನಂದಿಸಿ ಕಳುಹಿಸುವ ಬದಲು, ಕನಿಷ್ಠ ಎರಡು ವರ್ಷ ಆಗಾಗ ಕರೆಸಿ ನೋಡುವ ವ್ಯವಸ್ಥೆ ಮಾಡಬೇಕು. ಒಂದೆರಡು ಕಿಲೋ ಮರಳಿದಾಗಲೇ ಹಿಡಿಯುವುದು ಹತ್ತು ಕಿಲೋ ಮರಳಿದ ಮೇಲೆ ಹಿಡಿಯುವುದಕ್ಕಿಂತ ಸುಲಭ.

ಇನ್ನೊಂದು ಕೋರಿಕೆ ನಗರಸಭೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಜ್ಜರಕಾಡಿನಲ್ಲಾಗಲಿ, ಮಲ್ಪೆಯ ಕಡಲ ತೀರದಲ್ಲಾಗಲಿ ಬೆಳಗಿನ ನಡಿಗೆ ನೆಚ್ಚುವಂತಿಲ್ಲ. ಬೇಸಿಗೆಯಲ್ಲಿ ಕಷ್ಟಪಟ್ಟು ಇಳಿಸಿದ ತೂಕ ಹಲವರಲ್ಲಿ ಏರತೊಡಗುವುದು ಈ ನಾಲ್ಕು ತಿಂಗಳಲ್ಲೇ. ಮುಂದಿನ ಮಳೆಗಾಲದಲ್ಲಿ ಸಾರ್ವಜನಿಕ ಸಭಾಭವನಗಳನ್ನು ಬೆಳಗ್ಗೆ ಆರರಿಂದ ಎಂಟರವರೆಗೆ ನಡಿಗೆಗೆ ಉಚಿತವಾಗಿ ತೆರೆದಿಟ್ಟರೆ ನಗರಸಭೆಗೆ ತಗಲುವ ವೆಚ್ಚ ಕಾವಲುಗಾರರ ಸಂಬಳ ಮತ್ತು ವಿದ್ಯುತ್ ಬಿಲ್ಲು ಮಾತ್ರ.

ಇಂತಿ,
ಓರ್ವ ಓದುಗ, ಉಡುಪಿ