ಎರಡು ತಿಂಗಳು ನಮ್ಮ ತರಗತಿ ಕಾಯ್ದವರಿಗೆ

ನಿನ್ನೆ ನವೆಂಬರ್ 11, ಒನಕೆ ಓಬವ್ವ ಜಯಂತಿ. ನಮ್ಮ ಶಾಲೆಯಲ್ಲಿ ನಾಲ್ಕು ಜನ ಓಬವ್ವ ಇದ್ದರು. ಯಾರೂ ಪಾತ್ರ ಬಿಟ್ಟುಕೊಡಲಿಲ್ಲ, ಹಾಗಾಗಿ ನಾಲ್ವರಿಗೂ ಕಚ್ಚೆ ಹಾಕಿ ಸೀರೆ ಉಡಿಸಿದ್ದಾಯಿತು. ನಲಿ-ಕಲಿ, ಅಂದರೆ ಮಕ್ಕಳು ಕಾರ್ಡ್ ಹಿಡಿದು ಗುಂಪಿನಲ್ಲಿ ನಲಿಯುತ್ತ ಕಲಿಯುವ ಪದ್ಧತಿ, ಅದರ ದುಂಡು ಮೇಜೇ ಕಿಂಡಿ. ಹೈದರಾಲಿಯ ಸೈನಿಕರು ಅದರಡಿಯಿಂದ ಒಬ್ಬೊಬ್ಬರೇ ತೆವಳಿ ಬರಬೇಕು, ರಟ್ಟಿನ ಒನಕೆಯ ಪೆಟ್ಟು ತಿಂದು ಬೀಳಬೇಕು. ಓಬವ್ವನ ಗಂಡನಾಗಿದ್ದ ಹುಡುಗ ಬಿಸಿಯೂಟದ ತಟ್ಟೆ ಇಟ್ಟುಕೊಂಡು ನಿಜವಾಗಿಯೂ ಅನ್ನ ಸಾರು ಉಣ್ಣುತ್ತಿದ್ದ. ನಾನು ಕುರ್ಚಿಯಲ್ಲಿ ಕಾಲು ಚಾಚಿಕೊಂಡು ನೋಡುತ್ತಿದ್ದೆ. ಇದರಲ್ಲಿ ನಾನು ಹೇಳಿಕೊಟ್ಟಿದ್ದು ಏನೂ ಇಲ್ಲ. ನಾನು ಶಾಲೆಗೆ ಮರಳಿ ಬರೀ ಒಂದು ವಾರ ಆಗಿತ್ತು. ಅದಕ್ಕೇ ಈ ನಾಲ್ಕು ಮಾತು.

ಚಿತ್ರದುರ್ಗದ ಹತ್ತಿರದ ಸಣ್ಣ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ನಮ್ಮದು. ಒಂದು, ಎರಡು, ಮೂರನೇ ತರಗತಿಯ 26 ಮಕ್ಕಳು ಒಂದೇ ಕೋಣೆಯಲ್ಲಿ ನನ್ನ ಜೊತೆ ಇರುತ್ತಾರೆ. ಸೆಪ್ಟೆಂಬರ್ ಮೊದಲ ವಾರ ಮಳೆಯಲ್ಲಿ ಗಾಡಿ ಜಾರಿ ಬಿದ್ದೆ. ಎಡಗಾಲಿನ ಮೂಳೆ ಮುರಿಯಿತು, ಒಳಗೆ ರಾಡ್ ಹಾಕಿದರು. ದಸರಾ ರಜೆಯೂ ಸೇರಿ ಎರಡು ತಿಂಗಳು ಮನೆಯಲ್ಲೇ ಇದ್ದೆ.

ಕಾಲಿನ ನೋವಿಗಿಂತ ಒಂದನೇ ತರಗತಿಯವರ ಚಿಂತೆಯೇ ಜಾಸ್ತಿ ಇತ್ತು. ಅವರು ಆಗಷ್ಟೇ ರ, ಗ, ಸ, ದ, ಅ ಕಲಿಯುತ್ತಿದ್ದರು. ನಲಿ-ಕಲಿಯಲ್ಲಿ ಅ, ಆ, ಇ, ಈ ಅಂತ ಶುರುವಾಗುವುದಿಲ್ಲ. ಈ ಐದು ಅಕ್ಷರ ಬಂದರೆ ಸಾಕು, ಮಗು ಸರ, ರಸ, ಅರಸ ಅಂತ ಪದವನ್ನೇ ಓದುತ್ತದೆ. ಆ ಹೊತ್ತಲ್ಲಿ ಕೈ ಬಿಟ್ಟರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ ಅಂತ ನನ್ನ ಭಯ.

ಮರಳಿ ಬಂದ ದಿನ ಒಂದನೇ ತರಗತಿಯ ಒಬ್ಬ ಹುಡುಗ ಕಾರ್ಡ್ ಹಿಡಿದು ಬಂದ. ಬೆರಳಿಟ್ಟು "ಬ... ಸ... ವ" ಅಂತ ಓದಿದ. "ಬಸವ ಅಂದ್ರೆ ನಮ್ಮನೆ ಎತ್ತು ಮಿಸ್" ಅಂದ. ಜ, ವ, ಮ, ಬ, ನ ಕೂಡ ಮುಗಿಸಿದ್ದ! ಯಾರು ಹೇಳಿಕೊಟ್ಟರು ಅಂತ ಕೇಳಿದೆ. ಮೂರನೇ ತರಗತಿಯ ಹುಡುಗಿಯೊಬ್ಬಳ ಕಡೆ ಕೈ ತೋರಿಸಿದ. ಅವಳು ದಿನಾ ತನ್ನ ಕಾರ್ಡ್ ಮುಗಿಸಿ ಇವನ ಪಕ್ಕ ಕೂರುತ್ತಿದ್ದಳಂತೆ. ತಪ್ಪಿದರೆ ಗದರುತ್ತಿರಲಿಲ್ಲವಂತೆ, "ಇನ್ನೊಂದ್ಸಲ ನೋಡು" ಅನ್ನುತ್ತಿದ್ದಳಂತೆ. ಅದು ನಾನು ಹೇಳುವ ಮಾತು. ಕೇಳಿ ನನಗೆ ಕಣ್ಣು ತುಂಬಿ ಬಂತು. ಪುಟ್ಟೀ, ನಿನಗೇ ನನ್ನ ಮೊದಲ ಥ್ಯಾಂಕ್ಸ್.

ನಲಿ-ಕಲಿಯಲ್ಲಿ ಪ್ರತಿ ಮಗುವಿಗೂ ತಾನು ಕಲಿಕೆಯ ಏಣಿಯ ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಗೊತ್ತಿರುತ್ತದೆ. ಆ ಮೆಟ್ಟಿಲಿನ ಚಿತ್ರ ನೋಡಿ ಕಾರ್ಡ್ ತೆಗೆದುಕೊಂಡು, ತನ್ನ ತಟ್ಟೆಯ ಗುಂಪಿಗೆ ಹೋಗಿ ಕೂರುತ್ತದೆ. ತಟ್ಟೆ ಅಂದರೆ ಇಲ್ಲಿ ಊಟದ್ದಲ್ಲ, ಯಾವ ಗುಂಪು ಅಂತ ಗುರುತಿಸುವಂಥದ್ದು. ಗೆಳೆಯರ ಸಹಾಯದಿಂದ ಕಲಿಯುವುದಕ್ಕೇ ಬೇರೆ ತಟ್ಟೆ ಇದೆ. ತರಬೇತಿಯಲ್ಲಿ ಎಷ್ಟೋ ಸಲ ಕೇಳಿದ್ದ ಈ ಮಾತು ನನಗೆ ಪೂರ್ತಿ ಅರ್ಥವಾಗಿದ್ದು ಈ ಸಲವೇ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಇದನ್ನು ಶುರು ಮಾಡಿದ ಶಿಕ್ಷಕರಿಗೂ ಇಲ್ಲಿಂದಲೇ ಒಂದು ನಮಸ್ಕಾರ.

ಆದರೆ ಮಕ್ಕಳಷ್ಟೇ ಇದ್ದರೆ ಇದು ಆಗುತ್ತಿರಲಿಲ್ಲ. ನಮ್ಮ ಹೆಡ್ ಮೇಷ್ಟ್ರು ನಾಲ್ಕು, ಐದನೇ ತರಗತಿಯ ಪಾಠದ ಜೊತೆಗೆ ಈ ಕೋಣೆಯನ್ನೂ ನೋಡಿಕೊಂಡರು. ಸಂಜೆ ಫೋನ್ ಮಾಡಿ ಯಾರು ಎಲ್ಲಿಗೆ ಬಂದರು ಅಂತ ಹೇಳುತ್ತಿದ್ದರು. ಒಂದು ದಿನವೂ "ಕಷ್ಟ ಆಗ್ತಿದೆ" ಅನ್ನಲಿಲ್ಲ. ಸರ್, ನಿಮ್ಮ ಋಣ ದೊಡ್ಡದು.

ಅಡುಗೆಯ ಅಕ್ಕ ಬೆಳಿಗ್ಗೆ ಹಾಲು ಕೊಟ್ಟು, ಒಲೆಯ ಮೇಲೆ ಬೇಳೆ ಇಟ್ಟು ನಮ್ಮ ಕೋಣೆಯ ಬಾಗಿಲಲ್ಲಿ ಬಂದು ಕೂರುತ್ತಿದ್ದರು. ಅವರಿಗೆ ಓದು ಬರುವುದಿಲ್ಲ. "ನನಗೂ ಓದಿ ಹೇಳ್ರೋ" ಅಂತ ಮಕ್ಕಳ ಕೈಲಿ ಕಾರ್ಡ್ ಓದಿಸುತ್ತಿದ್ದರಂತೆ. ಮಕ್ಕಳಿಗೆ ಅದೇ ದೊಡ್ಡ ಸಂಭ್ರಮ. ಈಗ ಅಕ್ಕನಿಗೂ ಹತ್ತು ಅಕ್ಷರ ಬರುತ್ತವೆ. ಮೊನ್ನೆ ಹಾಲಿನ ಪುಡಿಯ ಚೀಲದ ಮೇಲೆ ಗೊತ್ತಿರುವ ಅಕ್ಷರ ಹುಡುಕಿ ನನಗೆ ತೋರಿಸಿದರು.

ಊರಿನವರಿಗೆ ಏನಂತ ಹೇಳಲಿ. ಅದು ಈರುಳ್ಳಿ ಕೀಳುವ ಕಾಲ. ಹೊಲದಲ್ಲಿ ಎಷ್ಟು ಕೈ ಇದ್ದರೂ ಸಾಲದು, ಮನೆಯಲ್ಲಿ ಕೂಸು ನೋಡಿಕೊಳ್ಳಲು ಯಾರಾದರೂ ಬೇಕೇ ಬೇಕು. ಮೇಡಂ ಇಲ್ಲವಲ್ಲ ಅಂತ ಮಕ್ಕಳನ್ನು ಉಳಿಸಿಕೊಂಡಿದ್ದರೆ ನಾನು ತಪ್ಪು ಅನ್ನುತ್ತಿರಲಿಲ್ಲ. ಆದರೂ ಒಂದು ದಿನ ತಪ್ಪಿಸದೆ ಕಳಿಸಿದಿರಿ. ಬಿದ್ದ ದಿನ ಟ್ರ್ಯಾಕ್ಟರ್ ನಿಲ್ಲಿಸಿ ನನ್ನನ್ನು ಎತ್ತಿ ಕೂರಿಸಿದ ಅಣ್ಣನಿಗೂ, ಆಸ್ಪತ್ರೆಗೆ ರೊಟ್ಟಿ ಕಟ್ಟಿಕೊಂಡು ಬಂದ ತಾಯಂದಿರಿಗೂ ಕೈ ಮುಗಿಯುತ್ತೇನೆ.

ಎರಡು ತಿಂಗಳ ಹವಾಮಾನ ನಕ್ಷೆಯನ್ನು ಮಕ್ಕಳು ಜೋಪಾನವಾಗಿ ಎತ್ತಿಟ್ಟಿದ್ದರು. ಬಿಸಿಲು, ಮೋಡ, ಮಳೆ, ಯಾವ ದಿನವೂ ಖಾಲಿ ಇಲ್ಲ. ನೀವು ನೋಡಿಲ್ಲ ಅಲ್ವಾ ಮಿಸ್, ಅಂತ ಒಂದೊಂದೇ ದಿನ ತೋರಿಸಿದರು. ಪೂರ್ತಿ ನೋಡಿ ಮುಗಿಸಲು ಒಂದು ಪೀರಿಯಡ್ ಬೇಕಾಯಿತು.

ನನ್ನ ಆ ಪುಟ್ಟಿ ಜೂನ್‌ನಲ್ಲಿ ನಾಲ್ಕನೇ ತರಗತಿಗೆ, ಪಕ್ಕದ ಕೋಣೆಗೆ ಹೋಗುತ್ತಾಳೆ. ಹಾಲು ಕುಡಿದ ಮೇಲೆ ದಿನಾ ಒಂದ್ಸಲ ಇಲ್ಲಿಗೆ ಬಂದು ಹೋಗ್ತೀನಿ ಅಂತ ಈಗಲೇ ಹೇಳಿಟ್ಟಿದ್ದಾಳೆ.