ಸಮಿತಿಯಲ್ಲಿ ಹೆತ್ತವರಿಗೂ ಜಾಗ ಸಿಗಲಿ

ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳಿಗೆ 18 ವರ್ಷ ತುಂಬಿದ ಮೇಲೆ ಹೆತ್ತವರೂ ಕಾನೂನುಬದ್ಧ ಪಾಲಕತ್ವಕ್ಕೆ ಅರ್ಜಿ ಹಾಕಬೇಕಾಗುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಅದನ್ನು ತೀರ್ಮಾನಿಸುವುದು ಸ್ಥಳೀಯ ಮಟ್ಟದ ಸಮಿತಿ. ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಒಬ್ಬ ಅಂಗವಿಕಲ ವ್ಯಕ್ತಿ ಅದರ ಸದಸ್ಯರು. ದೆಹಲಿಯಲ್ಲಿರುವ ನ್ಯಾಷನಲ್ ಟ್ರಸ್ಟ್‌ನ ಮಂಡಳಿಯಲ್ಲಿ ಪೋಷಕರ ಸಂಘಗಳಿಗೆಂದೇ ಮೂರು ಸ್ಥಾನಗಳಿವೆ; ಜಿಲ್ಲೆಯ ಈ ಸಮಿತಿಯಲ್ಲಿ ಒಂದನ್ನೂ ಮೀಸಲಿಟ್ಟಿಲ್ಲ. ಮೂವತ್ತು ದಾಟಿದ ಮಗನಿಗೆ ಇಂದಿಗೂ ಸ್ನಾನ ಮಾಡಿಸಿ, ತುತ್ತಿಟ್ಟು, ರಾತ್ರಿ ಫಿಟ್ಸ್ ಬಂದರೆ ಎದ್ದು ಕೂರುವ ತಾಯಿ ಅಲ್ಲಿ ಬರೀ ಅರ್ಜಿದಾರಳು.

ಇದಕ್ಕೆ ಕಾಯ್ದೆ ತಿದ್ದುಪಡಿಯೇನೂ ಬೇಕಿಲ್ಲ. ಪೋಷಕರ ಸಂಘವೂ ‘ನೋಂದಾಯಿತ ಸಂಸ್ಥೆ’ಯೇ ಎಂದು ಕಾಯ್ದೆಯೇ ಹೇಳುತ್ತದೆ. ಸಮಿತಿ ರಚಿಸುವಾಗ ಆ ಸಂಘಗಳಿಗೆ ಆದ್ಯತೆ ಕೊಟ್ಟರಾಯಿತು. ಜತೆಗೆ, ಸಭೆಗಳಿಗೆ ಕರೆದಾಗ ಮಗುವನ್ನು ನೋಡಿಕೊಳ್ಳಲು ಒಬ್ಬರನ್ನು ಒದಗಿಸಿ. ಮನೆಯಲ್ಲಿ ಬಿಟ್ಟುಬರಲಾಗದೆ ಎಷ್ಟೋ ತಾಯಂದಿರು ಕುಂದುಕೊರತೆ ಸಭೆಗೇ ಹೋಗುವುದಿಲ್ಲ. ಬಾರದವರಿಗೆ ದೂರೇ ಇಲ್ಲವೆಂದು ಅಧಿಕಾರಿಗಳು ಬರೆದುಕೊಂಡರೆ ಹೇಗೆ?

– ಅಂಗವಿಕಲ ಯುವಕನ ಅಕ್ಕ, ಹಾಸನ